ಗೋಡೆಯೊಳಗಿನ ಕೆಲಸವನ್ನು ಯಾರ ಕೈಗೆ ಒಪ್ಪಿಸಬೇಕು?

ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಕಾವೇರಿ ನೀರು ಬರುವ ದಾರಿ ಸುಮಾರು 100 ಕಿಲೋಮೀಟರ್ ಉದ್ದವಿದೆ. ಹಾರೋಹಳ್ಳಿಯಲ್ಲಿ, ತಾತಗುಣಿಯಲ್ಲಿ ಮತ್ತೆ ಮತ್ತೆ ಪಂಪು ಮಾಡಿ ಆ ನೀರನ್ನು ಹೆಚ್ಚುಕಡಿಮೆ 500 ಮೀಟರ್ ಎತ್ತರಕ್ಕೆ ಏರಿಸಬೇಕು. ಮೊದಲ ಹಂತದ ನೀರು 1974ರಲ್ಲಿ ನಗರಕ್ಕೆ ಬಂದಿತು. ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ ಐದನೆಯ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ಈ ಇಡೀ ದಾರಿಯಲ್ಲಿ ಯಾವ ಪೈಪು ಎಷ್ಟು ಒತ್ತಡ ತಡೆಯಬೇಕು, ಯಾವ ವಾಲ್ವನ್ನು ಯಾರು ತಿರುಗಿಸಬೇಕು, ನೀರಿಗೆ ಎಷ್ಟು ಕ್ಲೋರಿನ್ ಬೆರೆಸಬೇಕು ಎಂಬುದಕ್ಕೆಲ್ಲ ಒಬ್ಬ ಹೊಣೆಗಾರನಿದ್ದಾನೆ, ಒಂದು ದಾಖಲೆಯಿದೆ. ಅದೇ ನೀರು ನಮ್ಮ ಮನೆಯ ಮೀಟರ್ ದಾಟಿ ಸಂಪಿಗೆ ಇಳಿದು, ಅಲ್ಲಿಂದ ಮೇಲಿನ ಟ್ಯಾಂಕಿಗೆ ಏರಿ, ಅಡುಗೆಮನೆಯ ನಲ್ಲಿಗೆ ಬರುವ ಕೊನೆಯ ಕೆಲವು ಮೀಟರ್‌ಗಳನ್ನು ಮಾತ್ರ ನಾವು ಆ ದಿನ ಯಾರು ಬಿಡುವಾಗಿದ್ದಾರೋ ಅವರ ಕೈಗೆ ಒಪ್ಪಿಸಿಬಿಡುತ್ತೇವೆ.

ಮನೆ ಕಟ್ಟುವಾಗ ಅಥವಾ ರಿಪೇರಿ ಮಾಡಿಸುವಾಗ ನಾವು ಕಣ್ಣಿಗೆ ಕಾಣುವುದರ ಬಗ್ಗೆ ಬಹಳ ಎಚ್ಚರ ವಹಿಸುತ್ತೇವೆ. ಟೈಲ್ಸ್ ಆರಿಸಲು ಕುಟುಂಬದ ಎಲ್ಲರೂ ಅಂಗಡಿಗೆ ಹೋಗುತ್ತೇವೆ, ನಲ್ಲಿಯ ಹೊಳಪನ್ನು ಬೆರಳಿನಿಂದ ಮುಟ್ಟಿ ನೋಡುತ್ತೇವೆ, ಬಣ್ಣದ ಛಾಯೆ ಒಂದಿಷ್ಟು ಹೆಚ್ಚುಕಡಿಮೆಯಾದರೂ ಮತ್ತೆ ಬಳಿಸುತ್ತೇವೆ. ಪ್ಲಂಬರ್ ಮಾಡುವ ಕೆಲಸದ ಮುಖ್ಯ ಭಾಗವಾದರೋ ಸಂಜೆಯ ಹೊತ್ತಿಗೆ ಗಾರೆಯ ಕೆಳಗೆ ಮುಚ್ಚಿಹೋಗಿರುತ್ತದೆ. ಅದು ಸರಿಯಾಗಿದೆಯೇ ಇಲ್ಲವೇ ಎಂದು ತಿಳಿಯಲು ನಮಗೆ ವರ್ಷಗಳೇ ಬೇಕಾಗುತ್ತವೆ, ತಿಳಿಯುವ ಹೊತ್ತಿಗೆ ಗೋಡೆಯನ್ನು ಒಡೆಯಬೇಕಾಗಿರುತ್ತದೆ. ನೋಡಿ ಅಳೆಯಲು ಬಾರದ ಕೆಲಸದಲ್ಲಿ ಮಾಡುವವನ ತಿಳಿವಳಿಕೆಯೇ ನಮಗಿರುವ ಭದ್ರತೆ. ಆದ್ದರಿಂದಲೇ ತರಬೇತಿ ಮತ್ತು ಪರವಾನಗಿಯ ಪ್ರಶ್ನೆಯನ್ನು ನಾನು ಕಾಗದಪತ್ರದ ವಿಚಾರವೆಂದು ತಳ್ಳಿಹಾಕಲಾರೆ.

ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ, ಅಂದರೆ ನಾವೆಲ್ಲ ಜಲಮಂಡಳಿ ಎಂದು ಕರೆಯುವ ಸಂಸ್ಥೆ, ಹುಟ್ಟಿದ್ದು 1964ರ ಕಾಯ್ದೆಯಿಂದ. ಪ್ಲಂಬರ್‌ಗಳಿಗೆ ಪರವಾನಗಿ ಕೊಡುವ ವ್ಯವಸ್ಥೆ ಮಂಡಳಿಯಲ್ಲಿ ಹಿಂದಿನಿಂದಲೂ ಇದೆ. ಹೊಸ ನೀರಿನ ಸಂಪರ್ಕ ಅಥವಾ ಒಳಚರಂಡಿ ಸಂಪರ್ಕ ಪಡೆಯಲು ಹೊರಟವರಿಗೆ ಇದು ಗೊತ್ತಿರುತ್ತದೆ. ರಸ್ತೆಯ ಕೊಳವೆಯಿಂದ ಮನೆಯ ಮೀಟರ್‌ವರೆಗಿನ ಕೆಲಸಕ್ಕೆ ಅಂಥವರು ಬಂದೇ ಬರುತ್ತಾರೆ. ಮೀಟರ್ ದಾಟಿದ ಮೇಲೆ ವಾಡಿಕೆಯೇ ಬೇರೆ. ಕಟ್ಟಡ ಕಟ್ಟುವ ಮೇಸ್ತ್ರಿ ತನ್ನ ಜೊತೆಗಿರುವ ಯಾರನ್ನೋ ಕರೆತರುತ್ತಾನೆ, ರಿಪೇರಿಯಾದರೆ ಹಾರ್ಡ್‌ವೇರ್ ಅಂಗಡಿಯವರು ಒಂದು ಫೋನ್ ನಂಬರ್ ಬರೆದುಕೊಡುತ್ತಾರೆ. ಬಂದವರನ್ನು ನಾವು "ಎಷ್ಟಾಗುತ್ತೆ?" ಎಂದು ಕೇಳುತ್ತೇವೆಯೇ ಹೊರತು "ಎಲ್ಲಿ ಕಲಿತಿರಿ?" ಎಂದು ಕೇಳುವುದಿಲ್ಲ. ವೈದ್ಯರ ಕೊಠಡಿಯ ಗೋಡೆಯ ಮೇಲಿನ ಪ್ರಮಾಣಪತ್ರವನ್ನು ಓದುವ ನಮಗೆ ಈ ಪ್ರಶ್ನೆ ಏಕೋ ಸಂಕೋಚ ತರುತ್ತದೆ, ಕೇಳಿದರೆ ಅವಮಾನ ಮಾಡಿದಂತಾಗುತ್ತದೇನೋ ಎಂಬ ಅಳುಕು ಇರುತ್ತದೆ. ನನ್ನ ಅನುಭವದಲ್ಲಿ ಕೆಲಸ ಬಲ್ಲವರು ಈ ಪ್ರಶ್ನೆಗೆ ಬೇಸರಪಡುವುದಿಲ್ಲ. ತಮ್ಮ ಕಲಿಕೆಯ ಬಗ್ಗೆ ಯಾರೋ ಕೇಳಿದರಲ್ಲ ಎಂದು ಸಂತೋಷದಿಂದಲೇ ಹೇಳುತ್ತಾರೆ.

ಪ್ಲಂಬಿಂಗ್‌ನಲ್ಲಿ ಕಲಿಯುವುದೇನಿದೆ, ಪೈಪು ಕತ್ತರಿಸಿ ಅಂಟಿಸುವುದಷ್ಟೇ ಅಲ್ಲವೇ ಎಂದು ಕೇಳುವವರಿದ್ದಾರೆ. ಒತ್ತಡದ ಲೆಕ್ಕವನ್ನೇ ತೆಗೆದುಕೊಳ್ಳೋಣ. ನೀರಿನ ಮಟ್ಟ ನಲ್ಲಿಗಿಂತ 10 ಮೀಟರ್ ಮೇಲಿದ್ದರೆ ನಲ್ಲಿಯಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಒತ್ತಡ ಸಿಗುತ್ತದೆ. ಮೇಲ್ಮಹಡಿಯ ಸ್ನಾನದ ಮನೆಗೂ ತಾರಸಿಯ ಟ್ಯಾಂಕಿಗೂ 3 ಮೀಟರ್ ಅಂತರವಿದ್ದರೆ ಸಿಗುವುದು ಅದರ ಮೂರನೆಯ ಒಂದು ಭಾಗಕ್ಕೂ ಕಡಿಮೆ. ಷೋರೂಮಿನಲ್ಲಿ ಮಳೆಯಂತೆ ಸುರಿಯುವ ಅಗಲವಾದ ಷವರನ್ನು ಕೊಂಡುತಂದು ಈ ಒತ್ತಡಕ್ಕೆ ಜೋಡಿಸಿದರೆ ಹನಿಹನಿಯಾಗಿ ಬೀಳುತ್ತದೆ, ಮನೆಯವರು ಪ್ಲಂಬರನ್ನು ಬೈಯುತ್ತಾರೆ. ಅದನ್ನು ಕೊಳ್ಳುವ ಮೊದಲೇ "ನಿಮ್ಮ ಮನೆಗೆ ಇದು ಹೊಂದುವುದಿಲ್ಲ, ಬೇಕೇ ಬೇಕೆಂದರೆ ಪ್ರೆಷರ್ ಪಂಪು ಹಾಕಬೇಕು" ಎಂದು ಹೇಳುವವನು ಬಲ್ಲವನು. ಹದಿನೈದು ಮಹಡಿಯ ಅಪಾರ್ಟ್‌ಮೆಂಟಿನಲ್ಲಿ ಕಷ್ಟ ತಿರುಗುಮುರುಗಾಗುತ್ತದೆ. ತಾರಸಿಯ ಟ್ಯಾಂಕಿನಿಂದ ನೆಲಮಹಡಿಗೆ ಸುಮಾರು 45 ಮೀಟರ್ ಇಳಿತವಿರುವುದರಿಂದ ಒತ್ತಡ ನಾಲ್ಕೂವರೆ ಕಿಲೋವರೆಗೆ ಹೋಗುತ್ತದೆ, ಒತ್ತಡ ತಗ್ಗಿಸುವ ವಾಲ್ವ್ ಇಲ್ಲದಿದ್ದರೆ ಕೆಳಗಿನ ಮನೆಗಳ ನಲ್ಲಿಗಳ ವಾಷರ್‌ಗಳು, ಗೀಸರ್‌ನ ಕೊಳವೆಗಳು ಬೇಗ ಸೋಲುತ್ತವೆ. ಹೀಗೆ ಪದೇ ಪದೇ ಸೋರುವ ನಲ್ಲಿಗೆ ಪ್ರತಿ ಬಾರಿಯೂ ಹೊಸ ವಾಷರ್ ಹಾಕಿಕೊಟ್ಟು ಹೋಗುವವರು ಅನೇಕರು. ಒತ್ತಡವನ್ನು ಅಳೆದು ನೋಡುವವರು ಕಡಿಮೆ.

ಹೊರಹೋಗುವ ನೀರಿನ ಕಡೆಗೆ ಬಂದರೆ ವಿಷಯ ಇನ್ನೂ ಗಂಭೀರವಾಗುತ್ತದೆ. ಸ್ನಾನದ ಮನೆಯ ನೆಲದಲ್ಲಿ ಜಾಲರಿಯ ಕೆಳಗೆ ಇರುವ ನಾನಿ ಟ್ರ್ಯಾಪ್, ಸಿಂಕಿನ ಕೆಳಗಿನ ಬಾಗಿದ ಕೊಳವೆ, ಕಮೋಡಿನ ಒಳಗಿನ ತಿರುವು, ಇವೆಲ್ಲ ಒಂದೇ ಕೆಲಸಕ್ಕಾಗಿ ಇರುವಂಥವು. ಅಲ್ಲಿ ಸದಾ ಸುಮಾರು 50 ಮಿಲಿಮೀಟರ್ ಎತ್ತರದಷ್ಟು ನೀರು ನಿಂತಿರಬೇಕು. ಚರಂಡಿಯ ಗಾಳಿ, ಅದರೊಂದಿಗೆ ಬರುವ ಹೈಡ್ರೋಜನ್ ಸಲ್ಫೈಡ್ ಅನಿಲ, ಜಿರಳೆ, ರೋಗಾಣು ಯಾವುದೂ ಮನೆಯೊಳಗೆ ಬರದಂತೆ ಆ ನೀರು ತಡೆಯುತ್ತದೆ. ಮೇಲಿನ ಮಹಡಿಯಿಂದ ನೀರು ಒಮ್ಮೆಲೇ ಇಳಿದಾಗ ಕೊಳವೆಯಲ್ಲಿ ಉಂಟಾಗುವ ಸೆಳೆತಕ್ಕೆ ಈ ನೀರು ಹೀರಿಹೋಗಬಾರದೆಂದೇ ತಾರಸಿಯ ಮೇಲಕ್ಕೆ ಗಾಳಿಕೊಳವೆಯನ್ನು ಎತ್ತಿ ಬಿಟ್ಟಿರುತ್ತಾರೆ. ಅದು ಕಾಣಲು ಚೆನ್ನಾಗಿಲ್ಲವೆಂದು ಕತ್ತರಿಸಿ ಮುಚ್ಚಿಸಿದ ಮನೆಗಳನ್ನು ನಾನು ನೋಡಿದ್ದೇನೆ. ಆ ಮನೆಗಳವರು ಆಮೇಲೆ ಸ್ನಾನದ ಮನೆಯ ವಾಸನೆಗೆ ಬಗೆಬಗೆಯ ದ್ರಾವಣಗಳನ್ನು ಸುರಿಯುತ್ತಾ ಕಾಲ ಕಳೆಯುತ್ತಾರೆ.

ಅಂಗುಲ ಎರಡಂಗುಲದ ಈ ನೀರಿಗೆ ಎಷ್ಟು ಬೆಲೆಯಿದೆ ಎಂಬುದನ್ನು 2003ರಲ್ಲಿ ಹಾಂಗ್‌ಕಾಂಗ್‌ನ ಅಮೋಯ್ ಗಾರ್ಡನ್ಸ್ ಎಂಬ ವಸತಿ ಸಮುಚ್ಚಯ ಲೋಕಕ್ಕೆ ತೋರಿಸಿತು. ಸಾರ್ಸ್ ರೋಗ ಹರಡಿದ್ದ ಆ ವಸಂತದಲ್ಲಿ ಅಲ್ಲಿನ 300ಕ್ಕೂ ಹೆಚ್ಚು ನಿವಾಸಿಗಳಿಗೆ ಸೋಂಕು ತಗಲಿತು. ತನಿಖೆ ಮಾಡಿದವರ ಗಮನ ಸೆಳೆದದ್ದು ಸ್ನಾನದ ಮನೆಗಳ ನೆಲದ ಟ್ರ್ಯಾಪ್‌ಗಳು. ನೆಲಕ್ಕೆ ನೀರು ಸುರಿದು ತೊಳೆಯುವ ಅಭ್ಯಾಸವಿಲ್ಲದ ಮನೆಗಳಲ್ಲಿ ಅವು ಒಣಗಿದ್ದವು, ಗಾಳಿ ಹೊರಹಾಕುವ ಫ್ಯಾನು ತಿರುಗಿದಾಗ ಮಲಕೊಳವೆಯೊಳಗಿನ ಸೂಕ್ಷ್ಮ ಹನಿಗಳು ಒಳಕ್ಕೆ ಸೆಳೆಯಲ್ಪಟ್ಟಿದ್ದವು. ವರ್ಷದಲ್ಲಿ ಎರಡು ಬಾರಿ ಮಾತ್ರ ಬಳಸುವ ಅತಿಥಿಗಳ ಕೋಣೆ ನಮ್ಮಲ್ಲೂ ಅನೇಕ ಮನೆಗಳಲ್ಲಿದೆ. ಅಲ್ಲಿನ ಸ್ನಾನದ ಮನೆಗೆ ವಾರಕ್ಕೊಮ್ಮೆ ಒಂದು ಚೊಂಬು ನೀರು ಸುರಿಯಿರಿ ಎಂದು ನಮಗೆ ಹೇಳಿಕೊಟ್ಟದ್ದು ಒಬ್ಬ ತರಬೇತಾದ ಪ್ಲಂಬರ್.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅವರು ಕೆಲಸ ಮಾಡಿದ ರೀತಿಯನ್ನು ಮಾತ್ರ ಬರೆಯುತ್ತೇನೆ. ನಮ್ಮ ಮೊದಲ ಮಹಡಿಯ ಸ್ನಾನದ ಮನೆಯ ಕೆಳಗೆ, ಊಟದ ಕೋಣೆಯ ಮೇಲ್ಛಾವಣಿಯಲ್ಲಿ ಒಂದು ತೇವದ ಕಲೆ ಮೂಡಿತ್ತು. ಮೊದಲು ಬಂದು ನೋಡಿದ ಕೆಲಸಗಾರರು ಒಂದು ನಿಮಿಷದಲ್ಲಿ ತೀರ್ಪು ಕೊಟ್ಟರು. ಸ್ನಾನದ ಮನೆಯ ನೆಲವನ್ನು ಪೂರ್ತಿ ಒಡೆದು ವಾಟರ್‌ಪ್ರೂಫಿಂಗ್ ಮಾಡಿಸಿ ಹೊಸ ಟೈಲ್ಸ್ ಹಾಕಬೇಕು ಎಂದರು. ಐಟಿಐನಲ್ಲಿ ಕಲಿತು ಮಂಡಳಿಯ ಪರವಾನಗಿ ಪಡೆದಿದ್ದ ಈ ಎರಡನೆಯವರು ಬಂದಾಗ ಕೈಯಲ್ಲಿ ಸುತ್ತಿಗೆ ಇರಲಿಲ್ಲ. "ಅಮ್ಮಾ, ಒಡೆಯೋದು ಕಡೇ ಕೆಲಸ. ಮೊದಲು ನೀರು ಎಲ್ಲಿಂದ ಬರ್ತಿದೆ ಅಂತ ನೋಡೋಣ" ಎಂದವರೇ ಕಲೆಯ ಅಂಚಿನ ಉದ್ದಕ್ಕೂ ಪೆನ್ಸಿಲ್‌ನಲ್ಲಿ ಗೆರೆ ಎಳೆದರು. ಊರಿಗೆ ಹೋಗಿ ಮನೆ ಖಾಲಿ ಇದ್ದಾಗಲೂ ಕಲೆ ಬೆಳೆಯಿತೇ, ಸ್ನಾನ ಮಾಡಿದ ಮೇಲೆ ಮಾತ್ರ ಹಸಿಯಾಗುತ್ತದೆಯೇ, ಬಿಸಿನೀರು ಬಳಸಿದ ದಿನ ಹೆಚ್ಚೇ ಎಂದು ಕೇಳಿದರು.

ಆ ಪ್ರಶ್ನೆಗಳ ಹಿಂದಿನ ತರ್ಕವನ್ನು ಅವರೇ ನನಗೆ ಬಿಡಿಸಿ ಹೇಳಿದರು. ನಲ್ಲಿಗೆ ಬರುವ ಪೈಪಿನಲ್ಲಿ ಸದಾ ಒತ್ತಡವಿರುತ್ತದೆ, ಆದ್ದರಿಂದ ಅಲ್ಲಿ ಬಿರುಕಿದ್ದರೆ ಯಾರೂ ನೀರು ಬಳಸದಿದ್ದರೂ ಹಗಲಿರುಳು ಒಸರುತ್ತಲೇ ಇರುತ್ತದೆ. ಹೊರಹೋಗುವ ಕೊಳವೆಯಲ್ಲಿ ನೀರು ಇರುವುದು ಬಳಸಿದಾಗ ಮಾತ್ರ, ಹಾಗಾಗಿ ಅಲ್ಲಿನ ಸೋರಿಕೆ ಬಂದು ಹೋಗುತ್ತದೆ. ಬಿಸಿನೀರಿನ ಪೈಪಾದರೆ ಗೀಸರ್ ಹಾಕಿದಾಗ ಹಿಗ್ಗಿ ಸೋರಿಕೆಯ ಸ್ವಭಾವವೇ ಬದಲಾಗಬಹುದು. ಅವರು ಮೊದಲು ಆ ಸ್ನಾನದ ಮನೆಗೆ ಹೋಗುವ ವಾಲ್ವನ್ನು ರಾತ್ರಿಯಿಡೀ ಮುಚ್ಚಿಸಿದರು. ಕಲೆಯಲ್ಲಿ ವ್ಯತ್ಯಾಸವಾಗಲಿಲ್ಲ, ಸರಬರಾಜಿನ ಪೈಪಿನ ಮೇಲಿನ ಅನುಮಾನ ಕಡಿಮೆಯಾಯಿತು. ಬಳಿಕ ಟ್ರ್ಯಾಪಿನ ಬಾಯಿಗೆ ರಬ್ಬರ್ ಬಿರಡೆ ಬಿಗಿದು ನೆಲದ ಮೇಲೆ ನೀರು ನಿಲ್ಲಿಸಿ ಗೋಡೆಯ ಮೇಲೆ ಮಟ್ಟ ಗುರುತಿಸಿದರು. ಮರುದಿನವೂ ಮಟ್ಟ ಇಳಿಯಲಿಲ್ಲ, ಕೆಳಗಿನ ಕಲೆಯೂ ಪೆನ್ಸಿಲ್ ಗೆರೆಯನ್ನು ದಾಟಲಿಲ್ಲ. ಎಂದರೆ ಒಡೆದು ಹಾಕಬೇಕೆಂದು ಮೊದಲಿನವರು ಹೇಳಿದ ನೆಲ ಗಟ್ಟಿಯಾಗಿಯೇ ಇತ್ತು. ಕೊನೆಗೆ ಬಿರಡೆ ತೆಗೆದು ಬಣ್ಣ ಕಲಸಿದ ನೀರನ್ನು ಟ್ರ್ಯಾಪಿನೊಳಕ್ಕೇ ಸುರಿದಾಗ ಕೆಳಗಿನ ಛಾವಣಿಯಲ್ಲಿ ಅದೇ ಬಣ್ಣ ಕಾಣಿಸಿಕೊಂಡಿತು. ಟ್ರ್ಯಾಪ್ ಮತ್ತು ಅದರಿಂದ ಹೊರಡುವ ಕೊಳವೆಯ ನಡುವಿನ ಕೀಲು ಬಿಟ್ಟಿತ್ತು. ಅದರ ಸುತ್ತಲಿನ ಕೆಲವೇ ಟೈಲ್ಸ್ ತೆಗೆದು, ಕೀಲನ್ನು ಸರಿಪಡಿಸಿ, ಮತ್ತೊಮ್ಮೆ ನೀರು ನಿಲ್ಲಿಸಿ ನೋಡಿದ ಮೇಲೆಯೇ ಗಾರೆಯವರನ್ನು ಕರೆಸಿದರು.

ಇದರಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಉಳಿದ ಹಣವಲ್ಲ. ಒಂದೊಂದೇ ಸಾಧ್ಯತೆಯನ್ನು ಪರೀಕ್ಷಿಸಿ ತಳ್ಳಿಹಾಕುತ್ತಾ ಕಾರಣವನ್ನು ತಲುಪುವ ಕ್ರಮವನ್ನು ಅವರಿಗೆ ಯಾರೋ ಕಲಿಸಿದ್ದರು. ಆ ಕ್ರಮ ತಿಳಿಯದವರು ಒಡೆಯುವುದರಿಂದಲೇ ಶುರುಮಾಡುವುದು ಅವರ ಕೆಟ್ಟತನದಿಂದಲ್ಲ, ಅವರಿಗೆ ಬೇರೆ ದಾರಿ ತೋರಿಸಿಕೊಟ್ಟವರಿಲ್ಲ.

ಇನ್ನೊಂದು ಪುಟ್ಟ ಉದಾಹರಣೆ. ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರು ಬರುತ್ತಿದೆ ಎಂಬ ದೂರು ಸೋಲಾರ್ ಇರುವ ಅನೇಕ ಮನೆಗಳಲ್ಲಿದೆ. ಎಲ್ಲೋ ಒಂದು ಮಿಕ್ಸರ್ ನಲ್ಲಿಯ ಬಿಸಿ, ತಣ್ಣನೆಯ ಎರಡೂ ಬದಿಗಳನ್ನು ತೆರೆದಿಟ್ಟು, ಮುಂದಿನ ಕೈಷವರಿನ ಗುಂಡಿಯಲ್ಲಿ ಮಾತ್ರ ನೀರು ನಿಲ್ಲಿಸಿರುತ್ತಾರೆ. ಆಗ ಎರಡು ಕೊಳವೆಗಳೂ ಆ ಮಿಕ್ಸರಿನೊಳಗೆ ಕೂಡಿಕೊಂಡು, ಒತ್ತಡ ಹೆಚ್ಚಿರುವ ಬದಿಯ ನೀರು ಕಡಿಮೆ ಇರುವ ಬದಿಗೆ ನುಗ್ಗುತ್ತದೆ. ಹಿಮ್ಮುಖವಾಗಿ ಹರಿಯದಂತೆ ತಡೆಯುವ ವಾಲ್ವ್ ಹಾಕಿದರೆ, ಇಲ್ಲವೇ ಮಿಕ್ಸರನ್ನು ಪೂರ್ತಿ ಮುಚ್ಚುವ ಅಭ್ಯಾಸ ಮಾಡಿಕೊಂಡರೆ ತೊಂದರೆ ಮುಗಿಯುತ್ತದೆ. ಇದು ತಿಳಿಯದೆ ಹೊಸ ಗೀಸರ್ ಕೊಂಡವರನ್ನು, ಪೈಪು ಬದಲಾಯಿಸಿದವರನ್ನು ನಾನು ಬಲ್ಲೆ.

ಇವೆಲ್ಲ ಖರ್ಚಿನ, ಕಿರಿಕಿರಿಯ ಮಾತಾಯಿತು. ಗ್ಯಾಸ್ ಗೀಸರ್‌ನ ವಿಷಯ ಹಾಗಲ್ಲ. ಗಾಳಿಯಾಡದ ಸಣ್ಣ ಸ್ನಾನದ ಮನೆಯೊಳಗೆ ಗ್ಯಾಸ್ ಗೀಸರ್ ಉರಿದಾಗ ಆಮ್ಲಜನಕ ಸಾಲದೆ ಕಾರ್ಬನ್ ಮಾನಾಕ್ಸೈಡ್ ಉಂಟಾಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಉಸಿರಾಡಿದವರಿಗೆ ತಲೆ ಸುತ್ತುತ್ತಿದೆ ಎಂದು ಅರಿವಾಗುವಷ್ಟರಲ್ಲಿ ಬಾಗಿಲವರೆಗೆ ನಡೆಯುವ ಶಕ್ತಿ ಉಳಿದಿರುವುದಿಲ್ಲ. ಸ್ನಾನಕ್ಕೆ ಹೋದವರು ಹೀಗೆ ಸಾವಿಗೀಡಾದ ಸುದ್ದಿ ನಮ್ಮ ರಾಜ್ಯದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಆ ಗೀಸರನ್ನು ಗೋಡೆಗೆ ನೇತುಹಾಕಿದ ಯಾರೋ ಒಬ್ಬರು ಇದ್ದೇ ಇರುತ್ತಾರೆ. "ಇದನ್ನು ಒಳಗೆ ಹಾಕುವುದಿಲ್ಲ, ಹೊರಗೆ ಗಾಳಿಯಾಡುವ ಕಡೆ ಇಟ್ಟು ಬಿಸಿನೀರಿನ ಪೈಪನ್ನು ಮಾತ್ರ ಒಳಗೆ ತರುತ್ತೇನೆ, ಒಪ್ಪದಿದ್ದರೆ ಬೇರೆಯವರನ್ನು ನೋಡಿಕೊಳ್ಳಿ" ಎಂದು ಮನೆಯ ಯಜಮಾನರಿಗೆ ಎದುರು ನಿಂತು ಹೇಳಲು ತಿಳಿವಳಿಕೆ ಬೇಕು, ಆ ಮಾತಿಗೆ ಬೆಂಬಲವಾಗಿ ಒಂದು ಪರವಾನಗಿಯೂ ಬೇಕು. ದಿನಗೂಲಿಯನ್ನೇ ನಂಬಿರುವ, ಯಾವ ಮಾನ್ಯತೆಯೂ ಇಲ್ಲದ ಹುಡುಗ ಹೇಗೆ ತಾನೆ ಹಾಗೆ ಹೇಳಿಯಾನು? ವಿದ್ಯುತ್ ಗೀಸರ್‌ನ ಸುರಕ್ಷಾ ವಾಲ್ವಿನಿಂದ ನೀರು ತೊಟ್ಟಿಕ್ಕುತ್ತಿದೆಯೆಂದು ಅದರ ಬಾಯಿಗೆ ಬೂಚು ಹಾಕುವುದು, ಸೋಲಾರ್ ಟ್ಯಾಂಕಿನ ಗಾಳಿಕೊಳವೆಯನ್ನು ಮುಚ್ಚುವುದು ಇದೇ ಜಾತಿಯ ಅಪಾಯಗಳು. ಒತ್ತಡ ಹೊರಹೋಗಲು ಇಟ್ಟ ದಾರಿಯನ್ನೇ ಕಟ್ಟಿದಂತಾಗುತ್ತದೆ.

ರಸ್ತೆಯ ಕೊಳವೆಗೆ ನೇರವಾಗಿ ಮೋಟಾರು ಜೋಡಿಸುವುದನ್ನೂ ಇಲ್ಲಿ ಹೇಳಲೇಬೇಕು. ಬೇಸಿಗೆಯಲ್ಲಿ, ಅದರಲ್ಲೂ 2024ರಂಥ ಬರದ ವರ್ಷದಲ್ಲಿ, ಸಂಪಿಗೆ ನೀರು ಸಾಲದಾಗ ಹೀಗೆ ಮಾಡಿಕೊಡಿ ಎಂದು ಕೇಳುವವರು ಹೆಚ್ಚುತ್ತಾರೆ. ಇದು ಕಾನೂನುಬಾಹಿರ. ನಮ್ಮಲ್ಲಿ ನೀರು ದಿನವಿಡೀ ಬರುವುದಿಲ್ಲವಾದ್ದರಿಂದ ಕೊಳವೆ ಬರಿದಾಗಿರುವ ಹೊತ್ತಿನಲ್ಲಿ ಮೋಟಾರು ಎಳೆದರೆ, ಎಲ್ಲೋ ಇರುವ ಬಿರುಕಿನ ಮೂಲಕ ಪಕ್ಕದ ಒಳಚರಂಡಿಯ ಕೊಳಕು ಒಳಕ್ಕೆ ಸೇರುತ್ತದೆ. ಒಂದು ಮನೆಯವರು ಮಾಡಿದ್ದಕ್ಕೆ ಇಡೀ ಬೀದಿಯ ಮಕ್ಕಳು ವಾಂತಿಭೇದಿಯಿಂದ ನರಳಬೇಕಾಗುತ್ತದೆ. ಪರವಾನಗಿ ಇರುವವರು ಈ ಕೆಲಸಕ್ಕೆ ಕೈಹಾಕಲು ಹಿಂಜರಿಯುತ್ತಾರೆ, ಏಕೆಂದರೆ ಕಳೆದುಕೊಳ್ಳಲು ಅವರ ಬಳಿ ಏನೋ ಇದೆ. ಪರವಾನಗಿಯ ನಿಜವಾದ ಉಪಯೋಗವನ್ನು ನಾನು ಇಲ್ಲಿ ಕಾಣುತ್ತೇನೆ.

ಸಾಮಗ್ರಿಯ ಬಗ್ಗೆ ಮನೆಯವರು ಪಂಡಿತರಾಗಬೇಕಿಲ್ಲ, ಆದರೂ ಒಂದಿಷ್ಟು ತಿಳಿದಿದ್ದರೆ ಪ್ಲಂಬರ್ ಜೊತೆ ಮಾತನಾಡುವುದು ಸುಲಭ. ಬಿಸಿನೀರಿಗೆ ಸಿಪಿವಿಸಿ ಎಂಬ ಪ್ಲಾಸ್ಟಿಕ್ಕಿನಂಥ ಬಿಸಿ ತಾಳುವ ಪೈಪೇ ಬೇಕು, ಸಿಪಿವಿಸಿಗೆ ಐಎಸ್ 15778 ಎಂಬ ಭಾರತೀಯ ಮಾನಕವಿದೆ. ತಣ್ಣೀರಿನ ಯುಪಿವಿಸಿಗೆ ಐಎಸ್ 4985, ಹೊರಹೋಗುವ ಮಲಿನ ನೀರಿನ ಕೊಳವೆಗೆ ಐಎಸ್ 13592. ಈ ಸಂಖ್ಯೆಗಳನ್ನು ಐಎಸ್ಐ ಗುರುತಿನೊಂದಿಗೆ ಪೈಪಿನ ಮೈಮೇಲೆಯೇ ಅಚ್ಚೊತ್ತಿರುತ್ತಾರೆ. ತಣ್ಣೀರಿನ ಪೈಪನ್ನು ಗೀಸರಿಗೆ ಜೋಡಿಸಿದರೆ ಅದು ಬಿಸಿಗೆ ಮೆತ್ತಗಾಗಿ ಕೀಲಿನಲ್ಲಿ ಬಿಡುತ್ತದೆ. ಒಂದು ಬಗೆಯ ಪೈಪಿನ ಅಂಟನ್ನು ಇನ್ನೊಂದಕ್ಕೆ ಬಳಸುವುದು, ಅಂಟು ಒಣಗುವ ಮೊದಲೇ ನೀರು ಬಿಡುವುದು ಗಡಿಬಿಡಿಯ ಕೆಲಸದ ಲಕ್ಷಣಗಳು. ಎಲ್ಲಕ್ಕಿಂತ ಮುಖ್ಯವಾದದ್ದು ಗಾರೆ ಮುಚ್ಚುವ ಮೊದಲಿನ ಒತ್ತಡ ಪರೀಕ್ಷೆ. ಎಲ್ಲ ಬಾಯಿಗಳಿಗೂ ಬಿರಡೆ ಹಾಕಿ, ಕೈಪಂಪಿನಿಂದ ಪೈಪಿನೊಳಗೆ ಒತ್ತಡ ಏರಿಸಿ, ಮಾಪಕದ ಮುಳ್ಳು ಗಂಟೆಗಟ್ಟಲೆ ಅಲುಗದೆ ನಿಂತಿದೆಯೇ ಎಂದು ನೋಡುವುದು ಕ್ರಮ. ಮುಳ್ಳು ಇಳಿದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ, ಹುಡುಕಲು ಅದಕ್ಕಿಂತ ಸುಲಭವಾದ ದಿನ ಮತ್ತೆ ಬರುವುದಿಲ್ಲ. ಅದೇ ದಿನ ಪ್ರತಿ ಗೋಡೆಯ ಫೋಟೋ ತೆಗೆದು, ಅಂಚಿನಿಂದ ಎಷ್ಟು ಅಂಗುಲಕ್ಕೆ ಪೈಪು ಹಾದಿದೆ ಎಂದು ಟೇಪು ಹಿಡಿದು ತೋರಿಸಿಟ್ಟರೆ, ಮುಂದೆ ಕನ್ನಡಿ ನೇತುಹಾಕಲು ಮೊಳೆ ಹೊಡೆಯುವವರಿಗೂ ಉಪಕಾರವಾಗುತ್ತದೆ.

ಹಾಗಾದರೆ ಪ್ರಮಾಣಪತ್ರವಿಲ್ಲದವರೆಲ್ಲ ಅಯೋಗ್ಯರೇ? ಖಂಡಿತ ಅಲ್ಲ. ಈ ನಗರದ ಕಟ್ಟಡಗಳ ಪ್ಲಂಬಿಂಗ್ ಕೆಲಸದಲ್ಲಿ ದೊಡ್ಡ ಪಾಲು ಒಡಿಶಾದಿಂದ ಬಂದವರದು, ಅದರಲ್ಲೂ ಕೇಂದ್ರಪಾಡಾ ಜಿಲ್ಲೆಯವರದು. ಅಲ್ಲಿನ ಪಟ್ಟಾಮುಂಡೈ ಸುತ್ತಮುತ್ತ ಈ ಕೆಲಸ ತಲೆಮಾರುಗಳಿಂದ ಅಪ್ಪನಿಂದ ಮಗನಿಗೆ, ಚಿಕ್ಕಪ್ಪನಿಂದ ಅಣ್ಣನ ಮಗನಿಗೆ ಬಂದಿದೆ, ದೇಶದ ಎಲ್ಲ ದೊಡ್ಡ ನಗರಗಳಿಗೂ ಹರಡಿದೆ. ಈ ಪರಂಪರೆಯನ್ನು ಗುರುತಿಸಿಯೇ ಒಡಿಶಾ ಸರ್ಕಾರ ಪಟ್ಟಾಮುಂಡೈಯಲ್ಲಿ ಪ್ಲಂಬಿಂಗ್‌ಗೆಂದೇ ಒಂದು ಸಂಸ್ಥೆಯನ್ನು ನಡೆಸುತ್ತಿದೆ. ನಮ್ಮ ಐಟಿಐಗಳಲ್ಲೂ ಒಂದು ವರ್ಷದ ಪ್ಲಂಬರ್ ಕೋರ್ಸ್ ಇದೆ. ಕೆಲಸ ಮಾಡುತ್ತಲೇ ಕಲಿತವರ ಕೌಶಲವನ್ನು ಪರೀಕ್ಷಿಸಿ, ಕೊರತೆಯಿದ್ದುದನ್ನು ತಿಳಿಸಿಕೊಟ್ಟು, ಪ್ರಮಾಣಪತ್ರ ನೀಡುವ ಸರ್ಕಾರಿ ಯೋಜನೆಗಳೂ ಇವೆ. ಕೈ ಪಳಗಿದ, ಕಾಗದವಿಲ್ಲದ ಹಿರಿಯ ಕೆಲಸಗಾರರಿಗೆ ಅದೇ ಸರಿಯಾದ ದಾರಿಯೆಂದು ನನಗನ್ನಿಸುತ್ತದೆ. ಮಳೆನೀರು ಕೊಯ್ಲನ್ನು ಜಲಮಂಡಳಿ 2009ರ ತಿದ್ದುಪಡಿಯ ಮೂಲಕ ಕಡ್ಡಾಯ ಮಾಡಿದಾಗ ಪ್ಲಂಬರ್‌ಗಳಿಗೆ ತರಬೇತಿ ಕೊಡಿಸಲಾಗಿತ್ತು. ಜಯನಗರದಲ್ಲಿ ಅದಕ್ಕೆಂದು ಒಂದು ಪ್ರದರ್ಶನ ಕೇಂದ್ರವೇ ಇದೆ. ಹೊಸ ವಿದ್ಯೆಯನ್ನು ಕಲಿಸಿದರೆ ಕಲಿಯುವವರಿದ್ದಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕಲಿತವರಿಗೆ ನಾವು ಏನು ಕೊಡುತ್ತೇವೆ ಎಂಬುದು ನಾನು ಇಲ್ಲಿ ತಪ್ಪದೆ ಎತ್ತಬೇಕೆಂದುಕೊಂಡ ವಿಷಯ. ಪ್ಲಂಬರ್ ಬಂದು ಅರ್ಧ ಗಂಟೆ ಯೋಚಿಸಿ, ಐದು ನಿಮಿಷದಲ್ಲಿ ಒಂದು ವಾಲ್ವ್ ತಿರುಗಿಸಿ ಸಮಸ್ಯೆ ಬಗೆಹರಿಸಿದರೆ "ಇಷ್ಟಕ್ಕೆ ಇಷ್ಟೊಂದೇ?" ಎನ್ನುವ ನಾವು, ಅದೇ ವ್ಯಕ್ತಿ ದಿನವಿಡೀ ಗೋಡೆ ಒಡೆದರೆ ಕೇಳಿದಷ್ಟು ಕೊಡುತ್ತೇವೆ. ಯೋಚನೆಗೆ ಬೆಲೆಯಿಲ್ಲ, ಒಡೆದದ್ದಕ್ಕೆ ಬೆಲೆಯಿದೆ ಎಂದು ನಾವೇ ಅವರಿಗೆ ಕಲಿಸುತ್ತಿದ್ದೇವೆ. ಕೂಲಿಯನ್ನು ಕುಗ್ಗಿಸಿದಾಗ ಅವರು ಅಂಗಡಿಯ ಕಮಿಷನ್ನಿನ ಮೇಲೆ ಬದುಕಬೇಕಾಗುತ್ತದೆ, ಕಮಿಷನ್ ಬೇಕೆಂದರೆ ಹೆಚ್ಚು ಸಾಮಾನು ಬರೆಸಬೇಕಾಗುತ್ತದೆ, ಕೊನೆಗೆ ಆ ಹಣವೂ ನಮ್ಮ ಜೇಬಿನಿಂದಲೇ ಹೋಗುತ್ತದೆ. ಪರೀಕ್ಷಿಸಿ ಕಾರಣ ಹೇಳುವುದಕ್ಕೆ ಒಂದು ಶುಲ್ಕ, ಕೆಲಸಕ್ಕೆ ಬೇರೆ ಕೂಲಿ, ಸಾಮಾನಿಗೆ ಅಂಗಡಿಯ ಬಿಲ್ಲು ನಮ್ಮ ಹೆಸರಿನಲ್ಲಿ ಎಂದು ಮೊದಲೇ ಮಾತಾಡಿಕೊಂಡರೆ ಇಬ್ಬರಿಗೂ ಗೌರವ ಉಳಿಯುತ್ತದೆ. ಮೆಲ್ಬರ್ನ್‌ನಲ್ಲಿ ನೆಲೆಸಿರುವ ನಮ್ಮ ಬಂಧುಗಳು ಅಲ್ಲಿ ಪ್ಲಂಬರನ್ನು ಕರೆಸುವುದು ಎಷ್ಟು ದುಬಾರಿಯೆಂದು ಹೇಳುವಾಗ ಗಾಬರಿಯಾಗುತ್ತದೆ ನಿಜ. ಆದರೆ ವಿಕ್ಟೋರಿಯಾ ರಾಜ್ಯದಲ್ಲಿ 750 ಡಾಲರಿಗೆ ಮೇಲ್ಪಟ್ಟ ಕೆಲಸಕ್ಕೆ ಪರವಾನಗಿದಾರ ಪ್ಲಂಬರ್ ತನ್ನ ಕೆಲಸ ನಿಯಮಬದ್ಧವಾಗಿದೆಯೆಂದು ಲಿಖಿತ ಪ್ರಮಾಣಪತ್ರ ಕೊಡಬೇಕು, ದೋಷವಿದ್ದರೆ ಆರು ವರ್ಷಗಳವರೆಗೆ ವಿಮೆಯ ರಕ್ಷಣೆ ಇರುತ್ತದೆ. ಅಂಥದ್ದೊಂದು ಕಾಗದ ನಮ್ಮ ಮನೆಗಳಿಗೂ ಬರಬೇಕೆಂದು ಬಯಸುವುದು ಅತಿಯಾಸೆಯಲ್ಲ.

ಗೌರವದ ಮಾತು ಬಂದಾಗ ಕಟ್ಟಿಕೊಂಡ ಚೇಂಬರಿನ ವಿಷಯವನ್ನು ಬಿಡಲಾಗದು. ಮನೆಯ ಮುಂದಿನ ಚೇಂಬರ್, ಅಂದರೆ ಒಳಚರಂಡಿಯ ಗುಂಡಿ, ತುಂಬಿ ಹರಿದಾಗ ಪ್ಲಂಬರನ್ನು ಕರೆದು, ಅವರು ಜೊತೆಗೊಬ್ಬ ಹುಡುಗನನ್ನು ತಂದು, ಆ ಹುಡುಗ ಒಳಗಿಳಿಯುವುದನ್ನು ನಾವು ಮೂಗು ಮುಚ್ಚಿಕೊಂಡು ನೋಡುತ್ತಾ ನಿಲ್ಲುವುದು ಇಂದಿಗೂ ನಡೆಯುತ್ತಿದೆ. ಕೈಯಿಂದ ಮಲ ಬಾಚುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆ ರಕ್ಷಣಾ ಸಾಧನಗಳಿಲ್ಲದೆ ಯಾರನ್ನೂ ಒಳಚರಂಡಿಗೆ ಅಥವಾ ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದನ್ನು ನಿಷೇಧಿಸಿದೆ. ಮೊದಲ ಅಪರಾಧಕ್ಕೆ ಎರಡು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಇಂಥ ಸಾವುಗಳಿಗೆ ಕೊಡಬೇಕಾದ ಪರಿಹಾರವನ್ನು 30 ಲಕ್ಷ ರೂಪಾಯಿಗೆ ಏರಿಸಿತು. ಬೆಂಗಳೂರಿನಲ್ಲಿ ಜಲಮಂಡಳಿಯ 1916 ಸಂಖ್ಯೆಗೆ ಕರೆ ಮಾಡಿ ಯಂತ್ರವನ್ನು ತರಿಸಬೇಕು. ಬರುವುದು ತಡವಾದರೂ ಕಾಯಬೇಕು. ತರಬೇತಿ ಪಡೆದ ಪ್ಲಂಬರ್ ಹೊರಗೆ ನಿಂತು ಸರಳು, ಸ್ಪ್ರಿಂಗು ಬಳಸಿ ಮಾಡಬಹುದಾದದ್ದು ಯಾವುದು, ತನ್ನ ಕೆಲಸವಲ್ಲದ್ದು ಯಾವುದು ಎಂದು ಸ್ಪಷ್ಟವಾಗಿ ಹೇಳುತ್ತಾರೆ. ಯಾರೇ ಆಗಲಿ ಮುಚ್ಚಳ ತೆಗೆದು ಇಳಿಯಲು ಹೊರಟರೆ ತಡೆಯುವುದು ಮನೆಯವರ ಹೊಣೆ.

ನಮ್ಮ ಬೀದಿಯ ನಿವಾಸಿಗಳ ಸಂಘದಲ್ಲಿ ಈಗ ಪ್ಲಂಬರ್‌ಗಳ ಒಂದು ಪುಸ್ತಕವನ್ನು ಇಟ್ಟಿದ್ದೇವೆ. ಒಬ್ಬೊಬ್ಬರ ಹೆಸರಿನ ಮುಂದೆ ಅವರು ಎಲ್ಲಿ ಕಲಿತರು, ಮಂಡಳಿಯ ಪರವಾನಗಿ ಇದೆಯೇ, ಅದರ ಅವಧಿ ಎಂದು ಮುಗಿಯುತ್ತದೆ ಎಂಬುದನ್ನು ಅವರ ಒಪ್ಪಿಗೆಯಿಂದ ಬರೆಯುತ್ತೇವೆ. ಯಾವ ಮನೆಯಲ್ಲಿ ಯಾವ ಕೆಲಸ ಮಾಡಿದರು, ಮಳೆಗಾಲ ಕಳೆದ ಮೇಲೆ ಅದು ಹೇಗಿದೆ ಎಂಬುದನ್ನು ಆ ಮನೆಯವರು ಬರೆಯುತ್ತಾರೆ. ಪರವಾನಗಿ ಇಲ್ಲದ, ಆದರೆ ಒಳ್ಳೆಯ ಕೆಲಸಗಾರರೆಂದು ಹೆಸರಾದ ಇಬ್ಬರು ಹಿರಿಯರ ಹೆಸರುಗಳೂ ಅದರಲ್ಲಿವೆ. ಅವರು ಪರೀಕ್ಷೆಗೆ ಕುಳಿತುಕೊಳ್ಳಲು ಬೇಕಾದ ಅರ್ಜಿಯನ್ನು ತುಂಬಿಕೊಡುವ ಕೆಲಸವನ್ನು ಸಂಘದ ಕಾರ್ಯದರ್ಶಿಗಳು ವಹಿಸಿಕೊಂಡಿದ್ದಾರೆ, ಶುಲ್ಕವನ್ನು ಸಂಘದ ನಿಧಿಯಿಂದ ಕೊಡಬೇಕೆಂಬ ಪ್ರಸ್ತಾಪ ಮುಂದಿನ ಸಭೆಯ ಮುಂದಿದೆ.